ಪದರ 19,000, ವರ್ಷ ಬರೀ 60

ಹಿಮನದಿಗಳು ಬಿಟ್ಟುಹೋದ ಮಣ್ಣು-ಕಲ್ಲುಗಳ ವಯಸ್ಸನ್ನು ಪದರ ಎಣಿಸಿ, ಕಾಂತತ್ವ ಅಳೆದು ಕಂಡುಹಿಡಿಯುವುದು ಹೇಗೆ ಎಂದು ಕೇಳಿದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ನಮ್ಮೂರ ಕೆರೆಯ ಹೂಳೆತ್ತುವಾಗ ಕಡಿದ ಗೋಡೆಯಲ್ಲಿ ಮಣ್ಣು ಪದರ ಪದರವಾಗಿ ಕಾಣುತ್ತದೆ. ಹಿಮನದಿಯ ಸರೋವರದಲ್ಲಾದರೆ ಪದರಕ್ಕೊಂದು ವರ್ಷ ಎಂದು ಎಣಿಸುತ್ತಾರಂತೆ. ನಮ್ಮ ಕೆರೆಯನ್ನು ಹಾಗೆ ಎಣಿಸಬಾರದೇಕೆ? (ಹೊಸದುರ್ಗ)

ಕೆರೆಯ ಪದರ ಮಳೆಯ ಲೆಕ್ಕ ಹೇಳುತ್ತದೆ, ವರ್ಷದ್ದಲ್ಲ. ಒಂದೇ ಮುಂಗಾರಿನಲ್ಲಿ ನಾಲ್ಕು ಸಲ ಹಳ್ಳ ಬಂದರೆ ನಾಲ್ಕು ಪದರ. ಬರದ ವರ್ಷ ಒಂದೂ ಇಲ್ಲ. ಬೇಸಿಗೆಯಲ್ಲಿ ತಳ ಒಣಗಿ ಬಿರಿಯುತ್ತದೆ, ದನ ತುಳಿಯುತ್ತವೆ, ಇದ್ದ ಪದರವೂ ಕಲಸಿಹೋಗುತ್ತದೆ.

ಹಿಮನದಿಯ ಮುಂದಿನ ಸರೋವರಕ್ಕೆ ವರ್ಷಕ್ಕೆ ಎರಡೇ ಕಾಲ. ಬೇಸಿಗೆಯಲ್ಲಿ ಹಿಮ ಕರಗಿದ ನೀರು ಮರಳು, ಹೂಳು, ಜೇಡಿ ಎಲ್ಲವನ್ನೂ ಹೊತ್ತು ತರುತ್ತದೆ. ಕದಡಿದ ನೀರನ್ನು ಬಿಂದಿಗೆಯಲ್ಲಿಟ್ಟರೆ ಆಗುವುದೇ ಅಲ್ಲಿಯೂ ಆಗುತ್ತದೆ: ಮರಳು ಕೂಡಲೇ ತಳಕ್ಕೆ, ಹೂಳು ಸ್ವಲ್ಪ ಹೊತ್ತಿಗೆ, ಜೇಡಿ ಮಾತ್ರ ತೇಲುತ್ತಲೇ ಇರುತ್ತದೆ. 0.02 ಮಿ.ಮೀ. ಗಾತ್ರದ ಹೂಳಿನ ಕಣ 20 ಡಿಗ್ರಿಯ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮುಕ್ಕಾಲು ಗಂಟೆ ಸಾಕು. 0.002 ಮಿ.ಮೀ. ಜೇಡಿಗೆ ಅದೇ ದೂರಕ್ಕೆ ಮೂರು ದಿನ ಬೇಕು. ನೀರು 4 ಡಿಗ್ರಿಗೆ ತಣ್ಣಗಾದರೆ ಇನ್ನೂ ನಿಧಾನ. 20 ಮೀಟರ್ ಆಳಕ್ಕೆ ಮೂರು ತಿಂಗಳಿಗೂ ಮೇಲೆ. ಚಳಿಗಾಲದಲ್ಲಿ ಸರೋವರದ ಮೇಲ್ಮೈ ಹೆಪ್ಪುಗಟ್ಟಿ, ಗಾಳಿ ನೀರನ್ನು ಮುಟ್ಟದಂತಾದಾಗ ಈ ಜೇಡಿ ನೆಮ್ಮದಿಯಾಗಿ ಕೂರುತ್ತದೆ. ಕೆಳಗೆ ತಿಳಿಬಣ್ಣದ ದಪ್ಪ ಹೂಳು, ಮೇಲೆ ಕಪ್ಪನೆಯ ನುಣುಪು ಜೇಡಿ: ಈ ಜೋಡಿಯೇ ಒಂದು ವರ್ಷ. ಇದಕ್ಕೆ ಸ್ವೀಡಿಶ್ ಮಾತಿನಿಂದ ಬಂದ ಹೆಸರು ವಾರ್ವ್. ಸ್ವೀಡನ್ನಿನ ಯೆರಾರ್ಡ್ ಡೆ ಯೇರ್ 1878ರಲ್ಲಿ ಸ್ಟಾಕ್‌ಹೋಮ್ ಬಳಿ ಇದನ್ನು ಗಮನಿಸಿ, ಮುಂದೆ ಇದೇ ಎಣಿಕೆಯಿಂದ ಹಿಮ ಹಿಂದೆ ಸರಿದ ಸಾವಿರಾರು ವರ್ಷಗಳ ಪಂಚಾಂಗ ಕಟ್ಟಿದರು.

ಎಣಿಸುವ ಕ್ರಮ ಹೀಗೆ. ಗೋಡೆಯನ್ನು ಚೂಪಾದ ಚಾಕುವಿನಿಂದ ಒಂದೇ ದಿಕ್ಕಿಗೆ ಹೆರೆದು ನಯ ಮಾಡಿ, ಅರೆ ಒಣಗಲು ಬಿಡಬೇಕು. ಹೂಳು ಬೇಗ ಒಣಗಿ ಬೆಳ್ಳಗಾಗುತ್ತದೆ. ಜೇಡಿ ತೇವ ಹಿಡಿದುಕೊಂಡು ಕಪ್ಪಗೇ ಉಳಿಯುತ್ತದೆ. ಪೂರ್ತಿ ಒಣಗಿದರೆ ಎರಡೂ ಒಂದೇ ಬಣ್ಣ, ಕೆಲಸ ಕೆಟ್ಟಂತೆ. ಕಾಗದದ ಉದ್ದ ಪಟ್ಟಿಯನ್ನು ಗೋಡೆಗೆ ಒತ್ತಿ ಪ್ರತಿ ಜೇಡಿಯ ಮೇಲಂಚಿಗೆ ಪೆನ್ಸಿಲ್ ಗೆರೆ ಎಳೆಯಬೇಕು. ಮೇಲಂಚೇ ಏಕೆಂದರೆ, ಹೂಳಿನಿಂದ ಜೇಡಿಗೆ ಹೋಗುವಾಗ ಬಣ್ಣ ನಿಧಾನಕ್ಕೆ ಬದಲಾಗುತ್ತದೆ, ಜೇಡಿಯಿಂದ ಮುಂದಿನ ಬೇಸಿಗೆಯ ಹೂಳಿಗೆ ಹೋಗುವಾಗ ಕತ್ತರಿಸಿದಂತೆ ಬದಲಾಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಆಮೇಲೆ ತಾಳೆ ನೋಡಬೇಕು.

ತಪ್ಪಾಗುವುದು ಎರಡು ಕಡೆ. ಬೇಸಿಗೆಯಲ್ಲೇ ದಡ ಕುಸಿದರೆ ಕೆಸರಿನ ಪ್ರವಾಹ ತಳದಲ್ಲಿ ಹರಿದು ಇನ್ನೊಂದು ಪದರ ಹಾಸುತ್ತದೆ, ಅದರ ತಲೆಯ ಮೇಲೂ ತೆಳ್ಳನೆಯ ಜೇಡಿ ಇರುತ್ತದೆ. ಅದನ್ನೂ ವರ್ಷವೆಂದು ಎಣಿಸಿಬಿಡುತ್ತೇವೆ. ನಿಜವಾದ ಚಳಿಗಾಲದ ಜೇಡಿ ಸರೋವರದ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ, ಕಳ್ಳ ಪದರ ಕೆಲವು ಮೀಟರಿನಲ್ಲೇ ಸಣ್ಣಗಾಗುತ್ತದೆ. ಇನ್ನೊಂದು, ಅದೇ ಪ್ರವಾಹ ಹಳೆಯ ಪದರಗಳನ್ನು ಕೊರೆದುಕೊಂಡು ಹೋಗಿರುವುದು. ಕಳೆದುಹೋದ ವರ್ಷವನ್ನು ಒಂದೇ ಗೋಡೆ ನೋಡಿ ಹಿಡಿಯಲಾಗದು.

ಪ್ರಶ್ನೆ: ಅಮೆರಿಕದ ವಾರ್ವ್ ಎಣಿಕೆ 5,659 ವರ್ಷ ಉದ್ದ ಎಂದು ಓದಿದೆ. ಅಷ್ಟು ಎತ್ತರದ ಗೋಡೆ ಎಲ್ಲಿದೆ? (ಮೈಸೂರು)

ಎಲ್ಲಿಯೂ ಇಲ್ಲ. ಅದು ಹತ್ತಾರು ತುಂಡುಗಳನ್ನು ಹೊಲಿದ ಕೌದಿ. ಕನೆಕ್ಟಿಕಟ್ ಕಣಿವೆಯಲ್ಲಿ ಹಿಚ್‌ಕಾಕ್ ಎಂಬ ಹಿಮಸರೋವರ ಸುಮಾರು 320 ಕಿ.ಮೀ. ಉದ್ದಕ್ಕೆ ನಿಂತಿತ್ತು. ಹಿಮ ಉತ್ತರಕ್ಕೆ ಸರಿದಂತೆ ಸರೋವರವೂ ಉತ್ತರಕ್ಕೆ ಬೆಳೆಯಿತು. ಆದ್ದರಿಂದ ದಕ್ಷಿಣದಲ್ಲಿ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳಲ್ಲಿ ಹಳೆಯ ವರ್ಷಗಳು, ಉತ್ತರದಲ್ಲಿ ಹೊಸವು. ಪ್ರತಿ ಗುಂಡಿಯ ಪದರ ದಪ್ಪಗಳನ್ನು ಗ್ರಾಫ್ ಮಾಡಿದರೆ ದಪ್ಪ-ತೆಳುವಿನ ಏರಿಳಿತ ಪಕ್ಕದ ಗುಂಡಿಯ ಗ್ರಾಫಿಗೆ ಹೊಂದುತ್ತದೆ. ಹೀಗೆ ಜೋಡಿಸುವ ಕೆಲಸವನ್ನು ಡೆ ಯೇರ್ ಶಿಷ್ಯ ಅರ್ನ್‌ಸ್ಟ್ ಆಂಟೆವ್ಸ್ ಮಾಡಿ 1922ರಲ್ಲಿ ಪ್ರಕಟಿಸಿದರು. ನ್ಯೂ ಹ್ಯಾಂಪ್‌ಶೈರಿನ ಕ್ಲೇರ್‌ಮಾಂಟ್ ಬಳಿ ಮಾತ್ರ ಒಂದು ಕೊಂಡಿ ಸಿಗದೆ ಸರಣಿ ಎರಡು ತುಂಡಾಗಿ ಉಳಿಯಿತು. ಆ ಬಿರುಕನ್ನು ಮುಚ್ಚಿದ ಹೊಸ ಸರಣಿ 2012ರಲ್ಲಿ ಬಂತು. ಅದು ಇಂದಿಗೆ 18,200ರಿಂದ 12,500 ವರ್ಷ ಹಿಂದಿನ ಕಾಲವನ್ನು ಹಿಡಿದಿದೆ.

ಎಣಿಕೆ ಎಷ್ಟು ಉದ್ದವಿದ್ದರೂ ಅದು ಗಂಟಿಲ್ಲದ ಹಗ್ಗ. ಎಲ್ಲಾದರೂ ಒಂದು ಗೂಟಕ್ಕೆ ಕಟ್ಟಬೇಕು. ಇಲ್ಲಿ ಗೂಟ ಎಂದರೆ ಪದರಗಳಲ್ಲಿ ಸಿಕ್ಕ ಎಲೆ, ಕಡ್ಡಿಗಳ ರೇಡಿಯೊಕಾರ್ಬನ್ ವಯಸ್ಸು. ಕೆಸರನ್ನೇ ಇಡಿಯಾಗಿ ಅಳೆಯಬಾರದು. ಹಳೆಯ ಸುಣ್ಣಕಲ್ಲಿನ ಇಂಗಾಲ ಅದರಲ್ಲಿ ಬೆರೆತು ವಯಸ್ಸನ್ನು ಹಿಗ್ಗಿಸುತ್ತದೆ.

ಕೆಸರು ಕೂರುವಾಗ ಅಂದಿನ ಭೂಕಾಂತಕ್ಷೇತ್ರದ ದಿಕ್ಕು ಅದರಲ್ಲಿ ಉಳಿಯುತ್ತದೆ. ಈ ಕಾಂತತ್ವ ಇಲ್ಲಿಗೆ ಬಂದದ್ದು ಸಾಕ್ಷಿ ಹೇಳಲು. 1938ರಲ್ಲೇ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಮ್ಯಾಕ್‌ನಿಶ್ ಮತ್ತು ಜಾನ್ಸನ್ ಈ ಪದರಗಳ ಕಾಂತತ್ವ ಅಳೆದರು. ದಿಕ್ಸೂಚಿ ತೋರಿಸುವ ಉತ್ತರ ಶತಮಾನಗಳ ಅಂತರದಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಓಲಾಡುತ್ತದೆ. ಜೋಡಿಸಿದ ಎರಡು ಗುಂಡಿಗಳಲ್ಲಿ ಈ ಓಲಾಟವೂ ಹೊಂದಿದರೆ ಜೋಡಣೆ ಸರಿ.

ಪ್ರಶ್ನೆ: ಕೆಸರಿಗೆ ಕಾಂತತ್ವ ಬರುವುದು ಹೇಗೆ? ಮಾದರಿ ತೆಗೆಯುವುದರಿಂದ ಹಿಡಿದು ಅಳೆಯುವವರೆಗೆ ಕ್ರಮ ತಿಳಿಸಿ. (ಎಂ.ಎಸ್ಸಿ. ಭೂವಿಜ್ಞಾನ ವಿದ್ಯಾರ್ಥಿನಿ, ಧಾರವಾಡ)

ಕೆಸರಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿರುತ್ತವೆ, ಒಂದೊಂದೂ ಪುಟ್ಟ ದಿಕ್ಸೂಚಿ. ನಿಂತ ನೀರಿನಲ್ಲಿ ಇಳಿಯುವಾಗ ಅವು ಅಂದಿನ ಕಾಂತಕ್ಷೇತ್ರದ ಕಡೆ ಮುಖಮಾಡಿ ಕೂರುತ್ತವೆ. ಕೂತ ಮೇಲೂ ತೇವದ ಕೆಸರಿನಲ್ಲಿ ಸ್ವಲ್ಪ ಹೊರಳಬಲ್ಲವು. ಮೇಲೆ ಇನ್ನಷ್ಟು ಸೆಂಟಿಮೀಟರ್ ಮಣ್ಣು ಬಿದ್ದು ಒತ್ತಿದ ಮೇಲೆಯೇ ಬಂಧಿಯಾಗುತ್ತವೆ. ಆದ್ದರಿಂದ ಕಾಂತತ್ವ ಯಾವತ್ತೂ ಪದರಕ್ಕಿಂತ ಸ್ವಲ್ಪ ಕಿರಿಯದು.

ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ದಪ್ಪ ಮರಳು ಬೇಡ, ಹರಿವಿನ ರಭಸಕ್ಕೆ ಕಣಗಳು ಉರುಳಿರುತ್ತವೆ. ಇಳಿಜಾರಿನಲ್ಲಿ ಬಿದ್ದ ಪದರ ಬೇಡ. ಬೆಟ್ಟದ ನೆತ್ತಿ ಬೇಡ, ಸಿಡಿಲು ಬಡಿದು ಹಳೆಯ ಕಾಂತತ್ವ ಅಳಿಸಿರಬಹುದು. ಗೋಡೆಯ ಹೊರಮೈಯನ್ನು 20–30 ಸೆಂ.ಮೀ. ಕೆರೆದು ಹಾಕಬೇಕು; ಗಾಳಿ-ಮಳೆ ತಾಗಿದ ಮಣ್ಣಿನಲ್ಲಿ ಹೊಸ ತುಕ್ಕು ಹುಟ್ಟಿ, ಇಂದಿನ ಕ್ಷೇತ್ರದ ದಿಕ್ಕನ್ನು ಬರೆದುಕೊಂಡಿರುತ್ತದೆ.

ಮೆದು ಜೇಡಿಗೆ 2 ಸೆಂ.ಮೀ. ಅಂಚಿನ ಪ್ಲಾಸ್ಟಿಕ್ ಡಬ್ಬಿ ಬಳಸುತ್ತಾರೆ. ಡಬ್ಬಿಯ ಹಿಂಬದಿಯಲ್ಲಿ ಗಾಳಿ ಹೋಗಲು ಸಣ್ಣ ತೂತು ಇರಲೇಬೇಕು, ಇಲ್ಲದಿದ್ದರೆ ಒಳಗೆ ಸಿಕ್ಕ ಗಾಳಿ ಮಣ್ಣನ್ನು ತಿರುಚುತ್ತದೆ. ಸುತ್ತಿಗೆಯಿಂದ ಹೊಡೆಯದೆ ಮರದ ತುಂಡಿಟ್ಟು ನೇರವಾಗಿ ಒತ್ತಿ. ಡಬ್ಬಿ ಗೋಡೆಯಲ್ಲಿರುವಾಗಲೇ ಅದರ ಮುಖದ ದಿಕ್ಕು, ಓರೆ ಎರಡನ್ನೂ ಅಳೆದು ಬಾಣದ ಗುರುತು ಹಾಕಬೇಕು. ಕಿತ್ತ ಮೇಲೆ ಗುರುತು ಹಾಕಿದರೆ ಆ ಮಾದರಿ ಕಸಕ್ಕೆ ಸಮ. ಚಾಕು ಹಿತ್ತಾಳೆಯದೋ ಬಿದಿರಿನದೋ ಇರಲಿ. ಗಟ್ಟಿ ಶಿಲೆಗೆ ವಜ್ರದ ಅಂಚಿನ ಕೈಡ್ರಿಲ್ಲಿನಿಂದ 25 ಮಿ.ಮೀ. ವ್ಯಾಸದ ಕೋರ್ ತೆಗೆದು 22 ಮಿ.ಮೀ. ಉದ್ದಕ್ಕೆ ಕೊಯ್ಯುತ್ತಾರೆ. ಸುತ್ತಲಿನ ಬಂಡೆಯೇ ಕಾಂತೀಯವಾಗಿದ್ದರೆ ದಿಕ್ಸೂಚಿ ಸುಳ್ಳು ಹೇಳುತ್ತದೆ. ಆಗ ಸೂರ್ಯನ ನೆರಳಿನಿಂದ ದಿಕ್ಕು ತೆಗೆಯಬೇಕು, ಗಂಟೆ-ನಿಮಿಷ ಸರಿಯಾಗಿ ಬರೆದಿಡಬೇಕು. ಒಂದು ಮಟ್ಟದಿಂದ ಆರರಿಂದ ಎಂಟು ಮಾದರಿ. ಡಬ್ಬಿಗಳನ್ನು ತೇವ ಆರದಂತೆ ಮುಚ್ಚಿ 4 ಡಿಗ್ರಿಯ ಫ್ರಿಜ್ಜಿನಲ್ಲಿಡಿ. ಒಣಗಿದರೆ ಮಣ್ಣು ಕುಗ್ಗಿ ಕಣಗಳು ತಿರುಗುತ್ತವೆ.

ಪ್ರಯೋಗಾಲಯದ ಕೆಲಸ ಮುಖ್ಯವಾಗಿ ತೊಳೆಯುವುದು. ಮೂಲ ಕಾಂತತ್ವದ ಮೇಲೆ ಸಾವಿರಾರು ವರ್ಷಗಳಲ್ಲಿ ಇಂದಿನ ಕ್ಷೇತ್ರ ತನ್ನದನ್ನು ಬಳಿದಿರುತ್ತದೆ. ಎಳೆಯ ಜೇಡಿಯನ್ನು ಹಿಂದೆ-ಮುಂದೆ ತೊನೆಯುತ್ತಾ ಸೊನ್ನೆಗಿಳಿಯುವ ಕ್ಷೇತ್ರದಲ್ಲಿಟ್ಟು 5, 10, 15, 20, 30, 40, 60, 80, 100 ಮಿಲಿಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಹೀಗೆ ಮೆಟ್ಟಿಲು ಏರಿಸುತ್ತಾರೆ; ಪ್ರತಿ ಮೆಟ್ಟಿಲಿನ ನಂತರ ಅಳತೆ. ಹೆಮಟೈಟ್ ಎಂಬ ಕಬ್ಬಿಣದ ಖನಿಜ ಇರುವ ಕೆಂಪು ಶಿಲೆ ಇದಕ್ಕೆಲ್ಲ ಜಗ್ಗುವುದಿಲ್ಲ, ಅದನ್ನು ಕುಲುಮೆಯಲ್ಲಿ ಕಾಯಿಸಿ, ಕ್ಷೇತ್ರವಿಲ್ಲದ ಜಾಗದಲ್ಲಿ ಆರಿಸಬೇಕು. ಮ್ಯಾಗ್ನಟೈಟ್ 580 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲವನ್ನೂ ಮರೆಯುತ್ತದೆ, ಹೆಮಟೈಟ್ ಸುಮಾರು 680ರವರೆಗೆ ಹಿಡಿದುಕೊಳ್ಳುತ್ತದೆ. ಅಳತೆಗಳನ್ನು ಚಿತ್ರಿಸಿದಾಗ ಕೊನೆಯ ಮೆಟ್ಟಿಲುಗಳ ಚುಕ್ಕಿಗಳು ನೇರ ಗೆರೆಯಾಗಿ ಸೊನ್ನೆಯ ಕಡೆಗೆ ಹೋದರೆ ಅದು ನಂಬಬಹುದಾದ ದಿಕ್ಕು. ಚುಕ್ಕಿಗಳ ಚದುರು 15 ಡಿಗ್ರಿ ಮೀರಿದರೆ ಸಾಮಾನ್ಯವಾಗಿ ಕೈಬಿಡುತ್ತಾರೆ. ಎಳೆಯ ಸರೋವರ ಜೇಡಿಯಲ್ಲಿ ಗ್ರೈಗೈಟ್ ಎಂಬ ಕಬ್ಬಿಣದ ಸಲ್ಫೈಡ್ ಇದ್ದರೆ 50 ಮಿಲಿಟೆಸ್ಲಾ ದಾಟಿದ ಮೇಲೆ ಕಾಂತತ್ವ ಇಳಿಯುವ ಬದಲು ಏರತೊಡಗುತ್ತದೆ. ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಆ ಖನಿಜ ಮಣ್ಣು ಬಿದ್ದು ಎಷ್ಟೋ ಕಾಲದ ನಂತರ ಹುಟ್ಟಿರಬಹುದು ಎಂಬುದನ್ನು ಮಾತ್ರ ನೆನಪಿಡಿ.

ಪ್ರಶ್ನೆ: ಇಷ್ಟೆಲ್ಲ ಮಾಡಿದ ಮೇಲೆ ಯಂತ್ರ ವಯಸ್ಸು ಎಷ್ಟೆಂದು ಹೇಳುತ್ತದೆಯೇ? (ಕೊಪ್ಪ)

ಹೇಳುವುದಿಲ್ಲ. ಅದು ಹೇಳುವುದು ‘ನೇರ’ ಅಥವಾ ‘ಉಲ್ಟಾ’, ಇಷ್ಟೇ. ಭೂಮಿಯ ಉತ್ತರ-ದಕ್ಷಿಣ ಕಾಂತಧ್ರುವಗಳು ಆಗಾಗ ಅದಲುಬದಲಾಗಿವೆ. ಈಗಿನ ನೇರ ಕಾಲ 7.73 ಲಕ್ಷ ವರ್ಷಗಳಿಂದ ನಡೆದಿದೆ. ಅದಕ್ಕೆ ಹಿಂದೆ 25.8 ಲಕ್ಷ ವರ್ಷದವರೆಗೆ ಬಹುಪಾಲು ಉಲ್ಟಾ, ನಡುವೆ 10.7–9.9 ಲಕ್ಷ ಮತ್ತು 19.5–17.8 ಲಕ್ಷದ ಹೊತ್ತಿನಲ್ಲಿ ಸ್ವಲ್ಪ ಕಾಲ ನೇರ. ಕಲ್ಲು ಉಲ್ಟಾ ಎಂದರೆ 7.73 ಲಕ್ಷ ವರ್ಷಕ್ಕಿಂತ ಹಳೆಯದು ಎಂದು ಹೇಳಬಹುದು (41,000 ವರ್ಷ ಹಿಂದಿನ ಲಾಶಾಂಪ್ ಎಂಬ ಅಲ್ಪಕಾಲದ ಪಲ್ಟಿಯಂಥವನ್ನು ಬಿಟ್ಟರೆ). ನೇರ ಎಂದರೆ ಹೆಚ್ಚೇನೂ ಹೇಳಿದಂತಾಗಲಿಲ್ಲ.

ಹಿಮನದಿ ಉಜ್ಜಿ ತಂದು ಸುರಿದ ಕಲ್ಲು-ಜೇಡಿಯ ರಾಶಿ, ಅಂದರೆ ಟಿಲ್, ತಾನೇ ಒಳ್ಳೆಯ ಸಾಕ್ಷಿಯಲ್ಲ. ಅದರಲ್ಲಿ ಕಣಗಳು ನೀರಿನಲ್ಲಿ ಇಳಿದು ಕೂತದ್ದಲ್ಲ, ಹಿಮದಡಿ ಅರೆದು ಮೆತ್ತಿದ್ದು. ಸಾಧ್ಯವಾದರೆ ಟಿಲ್ಲಿನ ಕೆಳಗೂ ಮೇಲೂ ಇರುವ ಸರೋವರದ ಹೂಳನ್ನು ಅಳೆದು ಅದನ್ನು ನಡುವೆ ಸಿಕ್ಕಿಸುವುದೇ ಲೇಸು. ಅಮೆರಿಕದ ಮಿಸ್ಸೌರಿಯಲ್ಲಿ ಅಟ್ಲಾಂಟಾ ಟಿಲ್ ಎಂಬುದಿದೆ, ಅದು ಉಲ್ಟಾ. ಅಷ್ಟರಿಂದ ತಿಳಿದದ್ದು ‘7.73 ಲಕ್ಷಕ್ಕಿಂತ ಹಳೆಯದು’ ಎಂದಷ್ಟೇ. ಅದರಡಿ ಹೂತ ಹಳೆಯ ಮಣ್ಣಿನಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ಅಲ್ಯೂಮಿನಿಯಂ-26 ಮತ್ತು ಬೆರಿಲಿಯಂ-10 ಬೇರೆ ಬೇರೆ ವೇಗದಲ್ಲಿ ಕ್ಷಯಿಸುತ್ತಾ ಬಂದಿವೆ (ಅರ್ಧಾಯುಷ್ಯ ಸುಮಾರು 7 ಲಕ್ಷ ಮತ್ತು 14 ಲಕ್ಷ ವರ್ಷ). ಅವುಗಳ ಅನುಪಾತದಿಂದ ಸಿಕ್ಕ ವಯಸ್ಸು ಸುಮಾರು 24 ಲಕ್ಷ ವರ್ಷ. ಕಾಂತತ್ವ ಅದನ್ನು ಒಪ್ಪುತ್ತದೆ. ಕಂಡುಹಿಡಿದದ್ದು ಮಾತ್ರ ಕಾಂತತ್ವವಲ್ಲ.

ಪ್ರಶ್ನೆ: ಕೋಟಿಗಟ್ಟಲೆ ವರ್ಷ ಹಿಂದಿನ ಹಿಮಯುಗದ ಪದರಗಳನ್ನೂ ಹೀಗೆ ಎಣಿಸಬಹುದೇ? ಇಡೀ ಭೂಮಿ ಹಿಮಗಡ್ಡೆಯಾಗಿತ್ತು ಎಂಬುದಕ್ಕೆ ಕಾಂತತ್ವ ಸಾಕ್ಷಿಯಂತೆ, ಹೌದೇ? (ಬೆಂಗಳೂರು, ಕಾರ್ಕಳ)

ಎಣಿಸಬಹುದು. ಆದರೆ ಎಣಿಸುತ್ತಿರುವುದು ಏನನ್ನು ಎಂಬುದೇ ಮೊದಲ ತೊಡಕು. ದಕ್ಷಿಣ ಆಸ್ಟ್ರೇಲಿಯದ ಫ್ಲಿಂಡರ್ಸ್ ಬೆಟ್ಟಸಾಲಿನ ಪಿಚಿ ರಿಚಿ ಕಣಿವೆಯಲ್ಲಿ ಅಂಥ ಹಿಮಯುಗದ, ಎಲಟೀನಾ ಎಂಬ ಶಿಲಾಸಮೂಹದ ಕೆಂಪು ಹೂಳುಗಲ್ಲಿದೆ. ಕೊಯ್ದು ಪಾಲಿಶ್ ಮಾಡಿದರೆ ಕೂದಲೆಳೆಯಂಥ ಪದರಗಳು; 10ರಿಂದ 14 ಪದರಕ್ಕೊಮ್ಮೆ ಅವು ತೆಳುವಾಗಿ ಒತ್ತೊತ್ತಾಗಿ ಬಂದು ಒಂದು ಕಪ್ಪು ಪಟ್ಟಿಯಂತೆ ಕಾಣುತ್ತವೆ, ಮತ್ತೆ ದಪ್ಪಗಾಗುತ್ತವೆ. ಒಟ್ಟು ಸುಮಾರು 19,000 ಪದರ. ಭೂವಿಜ್ಞಾನಿ ಜಾರ್ಜ್ ವಿಲಿಯಮ್ಸ್ 1981ರಲ್ಲಿ ಇವನ್ನು ವಾರ್ವ್ ಎಂದು ಓದಿದರು: ಪದರಕ್ಕೊಂದು ವರ್ಷ, 11–12 ಪದರದ ಕಂತೆ ಸೂರ್ಯಕಲೆಗಳ ಚಕ್ರ. ಖಗೋಳದವರಿಗೂ ಖುಷಿಯಾಯಿತು. ಆ ದಶಕ ಮುಗಿಯುವಷ್ಟರಲ್ಲಿ ವಿಲಿಯಮ್ಸ್ ಅವರೇ ಆ ಓದನ್ನು ಬಿಟ್ಟರು. ಅದು ಸಮುದ್ರದ ಭರತ-ಇಳಿತ ಹಾಸಿದ ಹೂಳು. ಪದರ ಎಂದರೆ ಒಂದು ಭರತ, ಕಂತೆ ಎಂದರೆ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತದ ಪಕ್ಷ, ಸುಮಾರು 26 ಕಂತೆಗೆ ಒಂದು ವರ್ಷ. 19,000 ವರ್ಷ ಅಂದುಕೊಂಡದ್ದು ಇಳಿದು 60 ವರ್ಷವಾಯಿತು!

ನಷ್ಟವೇನೂ ಆಗಲಿಲ್ಲ ಅನ್ನಿ. ಆ 60 ವರ್ಷದ ಪಂಚಾಂಗದಿಂದಲೇ ಆಗ ವರ್ಷಕ್ಕೆ 400 ದಿನ, ದಿನಕ್ಕೆ ಸುಮಾರು 21.9 ಗಂಟೆ ಇತ್ತು ಎಂಬ ಲೆಕ್ಕ ಬಂತು. ಆದರೆ ಪದರಗಳು ಕಾಲಾವಧಿ ಕೊಟ್ಟವೇ ಹೊರತು ವಯಸ್ಸನ್ನಲ್ಲ. ಎಲಟೀನಾದ ಅಂತ್ಯ 63.5 ಕೋಟಿ ವರ್ಷ ಹಿಂದೆ ಎನ್ನುವುದು ಬೇರೆಡೆಯಿಂದ ಎರವಲು ತಂದದ್ದು. ನಮೀಬಿಯ ಮತ್ತು ಚೀನಾಗಳಲ್ಲಿ ಇದೇ ಹಿಮಯುಗದ ಕೊನೆಯ ಪದರಗಳ ಜೊತೆ ಜ್ವಾಲಾಮುಖಿ ಬೂದಿ ಇದೆ. ಅದರ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಸೀಸವಾಗುವ ಲೆಕ್ಕದಿಂದ ವಯಸ್ಸು ಸಿಕ್ಕಿದೆ.

ಇನ್ನು ಕಾಂತತ್ವ. ಮೇಲೆ-ಕೆಳಗೆ ಬಾಗಲು ಬಿಟ್ಟ ಕಾಂತದ ಸೂಜಿ ಧ್ರುವದಲ್ಲಿ ಲಂಬವಾಗಿ, ಸಮಭಾಜಕದಲ್ಲಿ ಅಡ್ಡಲಾಗಿ ನಿಲ್ಲುತ್ತದೆ; ನೆಲಮಟ್ಟದಿಂದ ಅದು ಬಾಗಿದಷ್ಟು ಬಾಗುಕೋನ. ಬಾಗುಕೋನದ ಟ್ಯಾನ್ = 2 × ಅಕ್ಷಾಂಶದ ಟ್ಯಾನ್. ಪಿಚಿ ರಿಚಿ ಇರುವ 32 ಡಿಗ್ರಿ ಅಕ್ಷಾಂಶಕ್ಕೆ ಈ ಲೆಕ್ಕದಲ್ಲಿ 51 ಡಿಗ್ರಿ ಬಾಗು ಬರಬೇಕು. ತೊಳೆದ ಮೇಲೆ ಎಲಟೀನಾದ ಕಲ್ಲು ತೋರಿಸಿದ್ದು ಹೆಚ್ಚುಕಡಿಮೆ ಅಡ್ಡ ಬಿದ್ದ ಸೂಜಿ. ಅಂದರೆ ಆ ಹಿಮ ಇದ್ದದ್ದು ಸಮಭಾಜಕದ 10–15 ಡಿಗ್ರಿಯೊಳಗೆ, ಅದೂ ಸಮುದ್ರಮಟ್ಟದಲ್ಲಿ. ಇಡೀ ಭೂಮಿ ಹಿಮಗಡ್ಡೆಯಾಗಿತ್ತು ಎಂಬ ವಾದಕ್ಕೆ ಕಾಂತತ್ವ ಕೊಡುವ ಸಾಕ್ಷಿ ಇದೇ.

ಅಡ್ಡ ಬಿದ್ದ ಸೂಜಿ ಎಂದೊಡನೆ ಎರಡು ಅನುಮಾನ ಬರಬೇಕು. ಮೊದಲನೆಯದು, ಈ ಕಾಂತತ್ವ ಆಮೇಲೆ ಎಂದೋ ಅಂಟಿದ್ದಲ್ಲವೇ? ಇದಕ್ಕೆ ಉತ್ತರ ಅದೇ ಹೂಳುಗಲ್ಲಿನ ಪುಟ್ಟ ಮಡಿಕೆಗಳಲ್ಲಿತ್ತು. ಪದರಗಳು ಇನ್ನೂ ಮೆದುವಾಗಿದ್ದಾಗಲೇ ಜಾರಿ, ಹಾಸಿಗೆ ಸರಿದಂತೆ ಸುಕ್ಕಾಗಿದ್ದವು. ಸುಕ್ಕಿನ ಎರಡೂ ಮಗ್ಗುಲಿಂದ ಮಾದರಿ ತೆಗೆದು ಅಳೆದರೆ ದಿಕ್ಕುಗಳು ಬೇರೆ ಬೇರೆ. ಲೆಕ್ಕದಲ್ಲಿ ಸುಕ್ಕು ಬಿಡಿಸಿ ಪದರವನ್ನು ಚಪ್ಪಟೆ ಮಾಡಿದರೆ ದಿಕ್ಕುಗಳು ಒಟ್ಟುಗೂಡುತ್ತವೆ. ಎಂದರೆ ಸೂಜಿ ನಿಂತದ್ದು ಸುಕ್ಕಿಗೆ ಮೊದಲು. ಸುಕ್ಕಾದದ್ದು ಕಲ್ಲಾಗುವ ಮೊದಲು. ಈ ಇಡೀ ವಿಷಯದಲ್ಲಿ ಇದಕ್ಕಿಂತ ಚೆಂದದ ವಾದ ಇನ್ನೊಂದಿಲ್ಲ ಎಂದು ನಮಗನ್ನಿಸುತ್ತದೆ.

ಎರಡನೆಯದು, ಮಣ್ಣಿನ ಭಾರ ಸೂಜಿಯನ್ನೇ ಒತ್ತಿ ಮಲಗಿಸಿರಬಹುದು. ಒತ್ತಿದ ಮೇಲೆ ಟ್ಯಾನ್ ಬೆಲೆ 0.6 ಪಟ್ಟಾಗುತ್ತದೆ ಎಂದುಕೊಳ್ಳಿ. ನಿಜವಾದ ಬಾಗು 60 ಡಿಗ್ರಿ ಇದ್ದರೆ ಅಳತೆಗೆ 46 ಸಿಗುತ್ತದೆ, ಅಕ್ಷಾಂಶ 41ರ ಬದಲು 27.5 ಎಂದು ಬರುತ್ತದೆ. ದೊಡ್ಡ ತಪ್ಪೇ. ಆದರೆ ನಿಜವಾದ ಅಕ್ಷಾಂಶ 10 ಆಗಿದ್ದರೆ ಅಳತೆಯಲ್ಲಿ 6 ಬರುತ್ತದೆ, ತಪ್ಪು ಬರೀ 4 ಡಿಗ್ರಿ. ಸಮಭಾಜಕದ ಹತ್ತಿರ ಈ ದೋಷ ತಾನಾಗಿ ಸಣ್ಣದು. ಎಲಟೀನಾದ ತೀರ್ಮಾನ ಅದರಿಂದ ಅಲುಗುವುದಿಲ್ಲ.

1999ರಲ್ಲಿ ಪ್ರಕಟವಾದ ಕೆಲಸದಲ್ಲಿ ಈ ಶಿಲಾಸಮೂಹದೊಳಗೇ ಧ್ರುವ ಹಲವು ಸಲ ಪಲ್ಟಿಯಾದದ್ದು ಕಂಡಿತು. ಪಲ್ಟಿಗಳ ನಡುವಿನ ಕಾಲ ಸಾಮಾನ್ಯವಾಗಿ ಲಕ್ಷಗಟ್ಟಲೆ ವರ್ಷ. ಹೀಗೆ ಕಾಂತತ್ವ ಇಲ್ಲಿ ಇಸವಿ ಕೊಡದಿದ್ದರೂ, ಈ ನಿಕ್ಷೇಪ ಬೀಳಲು ಕನಿಷ್ಠ ಲಕ್ಷಾಂತರ ವರ್ಷ ಹಿಡಿಯಿತು ಎಂದು ಹೇಳಿತು. ಬಗಲಲ್ಲೇ ಇರುವ 19,000 ಪದರ ಹೇಳಿದ್ದು 60 ವರ್ಷದ ಕಥೆ. ಎರಡೂ ಸರಿ, ಒಂದು ಪುಟ, ಇನ್ನೊಂದು ಪುಸ್ತಕ.

ಪ್ರಶ್ನೆ: ಭಾರತದಲ್ಲಿ? ಕರ್ನಾಟಕದಲ್ಲಿ? (ಹಲವರು)

ಒಡಿಶಾದ ತಾಲ್ಚೇರಿನ ಗುಂಡುಕಲ್ಲಿನ ಪದರ ಹಿಮನದಿಯದು ಎಂದು ಭೂವಿಜ್ಞಾನಿಗಳಾದ ಬ್ಲ್ಯಾನ್‌ಫರ್ಡ್ ಸಹೋದರರು ಮತ್ತು ಥಿಯೊಬಾಲ್ಡ್ 1856ರಷ್ಟು ಹಿಂದೆಯೇ ಬರೆದರು. ಅದರ ವಯಸ್ಸು ಸುಮಾರು 30 ಕೋಟಿ ವರ್ಷ. ಅಲ್ಲಿ ನೇರ-ಉಲ್ಟಾ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಆಗ ಭೂಮಿಯ ಕಾಂತಕ್ಷೇತ್ರ ಸುಮಾರು 5 ಕೋಟಿ ವರ್ಷ ಬಹುತೇಕ ಉಲ್ಟಾ ಆಗಿಯೇ ನಿಂತಿತ್ತು. ಗೋಡೆ ತುಂಬ ಒಂದೇ ಅಕ್ಷರ ಬರೆದಿದ್ದರೆ ಓದುವುದೇನು? ಪರಾಗ, ಬೀಜಕಣಗಳ ಪಳೆಯುಳಿಕೆಗಳೇ ಅಲ್ಲಿ ಗತಿ.

ಕಾಶ್ಮೀರದ ಕರೇವಾಗಳು (ಪಾಂಪೋರಿನ ಕೇಸರಿ ಬೆಳೆಯುವ ಮಟ್ಟಸ ದಿಬ್ಬಗಳು) ಇದಕ್ಕೆ ತಿರುವುಮುರುವು. 1939ರಲ್ಲಿ ಡೆ ಟೆರ್ರಾ ಮತ್ತು ಪ್ಯಾಟರ್ಸನ್ ಅಲ್ಲಿನ ಗುಂಡುಕಲ್ಲಿನ ಪದರಗಳನ್ನು ಹಿಮಯುಗದ ಸರಣಿಗೆ ಜೋಡಿಸಿದ್ದರು. 1980ರ ದಶಕದ ಕಾಂತೀಯ ಅಳತೆಗಳು ಸರೋವರ ಸುಮಾರು 40 ಲಕ್ಷ ವರ್ಷ ಹಿಂದೆಯೇ ತುಂಬತೊಡಗಿತ್ತೆಂದು ತೋರಿಸಿದವು. ಆ ಗುಂಡುಕಲ್ಲುಗಳಲ್ಲಿ ಬಹಳಷ್ಟು ಪೀರ್ ಪಂಜಾಲ್ ಬೆಟ್ಟಸಾಲು ಏಳುವಾಗ ಹೊಳೆಗಳು ಉರುಳಿಸಿ ತಂದವು ಎಂಬ ಓದು ಈಗ ಹೆಚ್ಚು ಬಲವಾಗಿದೆ.

ಕರ್ನಾಟಕದಲ್ಲಿ ಎಳೆಯ ಹಿಮಯುಗಗಳ ನಿಕ್ಷೇಪವಿಲ್ಲ. ಪ್ರಾಚೀನ ಕಾಂತತ್ವ ಅಳೆಯಲು ಬೆಳಗಾವಿ ಕಡೆಯ ಡೆಕ್ಕನ್ ಬಸಾಲ್ಟ್ ಒಳ್ಳೆಯ ಕಲ್ಲು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಮತ್ತು ನವಿ ಮುಂಬೈಯ ಭಾರತೀಯ ಭೂಕಾಂತತ್ವ ಸಂಸ್ಥೆಯಲ್ಲಿ ಇಂಥ ಕೆಲಸ ನಡೆಯುತ್ತದೆ.

ಪ್ರಶ್ನೆ: ಮೊಬೈಲಿನ ದಿಕ್ಸೂಚಿ ಕಲ್ಲಿಗೆ ಹಿಡಿದರೆ ನೇರವೋ ಉಲ್ಟಾವೋ ತಿಳಿಯದೇ? (ಇಳಕಲ್ಲ)

ಹೂಳುಗಲ್ಲಿಗೆ ಖಂಡಿತ ತಿಳಿಯದು. ಅದರ ಕಾಂತತ್ವವನ್ನು ಹಿಡಿಯಲು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಮಟ್ಟಕ್ಕೆ ತಣಿಸಿದ ಸಂವೇದಕಗಳನ್ನು ಬಳಸುತ್ತಾರೆ. ಮೊಬೈಲಿನ ಸ್ಪೀಕರ್‌ನಲ್ಲಿ ತನ್ನದೇ ಅಯಸ್ಕಾಂತ ಬೇರೆ ಇರುತ್ತದೆ. ಒಂದು ಕೆಲಸಕ್ಕೆ ಮಾತ್ರ ಸಾಮಾನ್ಯ ಸೂಜಿಯ ದಿಕ್ಸೂಚಿ ಬರುತ್ತದೆ: ಕಪ್ಪು ಬಂಡೆಯ ಮೈಗೆ ತಾಗಿಸಿಕೊಂಡು ನಿಧಾನವಾಗಿ ಒಂದು ಮೀಟರ್ ಸರಿಸಿ. ಸೂಜಿ ಒಂದೆಡೆ ತಟಕ್ಕನೆ ಹತ್ತಾರು ಡಿಗ್ರಿ ತಿರುಗಿ, ಕೈಯಷ್ಟು ದೂರದಲ್ಲಿ ಮತ್ತೆ ಸರಿಯಾದರೆ ಅಲ್ಲಿಗೆ ಎಂದೋ ಸಿಡಿಲು ಬಡಿದಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಮಾದರಿ ತೆಗೆಯಬೇಡಿ, ಇಳಿಜಾರಿನ ಕೆಳಗಿನ ತೋಡಿನಲ್ಲಿ ಹುಡುಕಿ.